ಕಾಲುವೆ ರಸ್ತೆಯಲ್ಲಿ ಲೈಟ್ ಹೊಡೆದದ್ದು

ವ್ಯಾನಿನ ಮೂವತ್ತು ಓಟ ಸರಿಯಾಗಿ ಮುಗಿದರೆ ನಾವು ಮನೆಗೆ ಹೋಗಬಹುದಿತ್ತು. ಡಚ್ಚರ ನಾಡಿನ ನ್ಯೂವೆಗೈನ್‌ನಲ್ಲಿ ಕಳೆದ ಆ ಎರಡು ತಿಂಗಳು ನನ್ನ ತಲೆಯಲ್ಲಿದ್ದ ಎಣಿಕೆ ಅದೊಂದೇ. ಊರಂಚಿನ ಕೈಗಾರಿಕಾ ಬಡಾವಣೆಯಲ್ಲಿ ಒಂದು ದೊಡ್ಡ ಅಡುಗೆಮನೆ. ಅಲ್ಲಿ ಬೇಯಿಸಿದ ಊಟವನ್ನು ತಣ್ಣಗೆ ಮಾಡಿ, ತಟ್ಟೆಗಳಲ್ಲಿ ಮುಚ್ಚಿ, ಒಳಗೆ ತಂಪು ಯಂತ್ರವಿರುವ ವ್ಯಾನುಗಳಲ್ಲಿ ವೃದ್ಧರ ಆರೈಕೆ ಮನೆಗಳಿಗೆ ಕಳಿಸುತ್ತಾರೆ. ದಾರಿಯಲ್ಲಿ ಆ ಊಟ ಏಳು ಡಿಗ್ರಿಗಿಂತ ಬೆಚ್ಚಗಾಗಬಾರದು. ಆಗಲಿಲ್ಲ ಎಂದು ನಿಮಿಷ ನಿಮಿಷಕ್ಕೂ ಬರೆದಿಡುವ ಲಾಗರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನು ಬೆಂಗಳೂರಿನ ನಮ್ಮ ಕಂಪನಿ ಮಾಡುತ್ತದೆ. ಕೊಳ್ಳುವ ಮೊದಲು ಅಡುಗೆಮನೆಯವರು ಸಾಕ್ಷಿ ಕೇಳಿದರು. ಒಂದೇ ದಾರಿ, ಒಂದೇ ಹೊತ್ತು, ಅಷ್ಟೇ ಸಲ ಬಾಗಿಲು ತೆರೆದು ಮುಚ್ಚಿ, ಮೂವತ್ತು ಓಟ. ನಡುವೆ ಎಲ್ಲಾದರೂ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಆ ಓಟ ರದ್ದು.

ಹೋದವರು ನಾವಿಬ್ಬರೇ. ಮೈಸೂರಿನವನಾದ ನಾನು ಮತ್ತು ಧಾರವಾಡದ ನನ್ನ ಸಹೋದ್ಯೋಗಿ. ಆಕೆ ನನಗಿಂತ ಎರಡು ವರ್ಷ ದೊಡ್ಡವರು, ಅಂಕಿ-ಅಂಶದಲ್ಲಿ ನನಗಿಂತ ಬಹಳ ಚುರುಕು. ಹಾಗಾಗಿ ವ್ಯಾನು ನನಗೆ, ಕಂಪ್ಯೂಟರ್ ಅವರಿಗೆ ಎಂದು ಹಂಚಿಕೊಂಡೆವು. ವ್ಯಾನಿನಲ್ಲಿ ನಿಜವಾದ ಊಟ ಇರುತ್ತಿರಲಿಲ್ಲ. ತಟ್ಟೆಗಳಲ್ಲಿ ಊಟದಷ್ಟೇ ತೂಕದ ನೀರಿನ ಪೊಟ್ಟಣ ತುಂಬಿ, ನಡುನಡುವೆ ಒಂಬತ್ತು ಲಾಗರ್ ಅಂಟಿಸುತ್ತಿದ್ದೆವು.

ಮೊದಲ ವಾರ ಅಡುಗೆಮನೆಯ ಹಳೆಯ ಡಚ್ ಚಾಲಕರೊಬ್ಬರು ನನ್ನ ಪಕ್ಕ ಕೂತು ದಾರಿ ಕಲಿಸಿದರು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆಸಾಮಿ, ಮಾತು ಮಿತ. ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕೆ. ಮೊದಲ ಎರಡು ದಿನ ನಾನು ತಿರುಗಬೇಕಾದಲ್ಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕಿ ಒಣ ಗಾಜು ಒರೆಸಿದೆ. ಅವರು ನಗಲಿಲ್ಲ. ಫಲಕವಿಲ್ಲದ ಚೌಕದಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ರಸ್ತೆಯ ಮೇಲೆ ಹಲ್ಲುಗಳಂಥ ಬಿಳಿ ತ್ರಿಕೋನಗಳ ಸಾಲು ಬಳಿದಿದ್ದರೆ, ಹಲ್ಲಿನ ಮೊನೆ ಯಾರ ಕಡೆಗೆ ತಿರುಗಿದೆಯೋ ಅವರು ನಿಲ್ಲಬೇಕು. ಬಲಕ್ಕೆ ತಿರುಗುವ ಮೊದಲು ಭುಜದ ಮೇಲಿಂದ ಹಿಂದೆ ನೋಡಬೇಕು, ಅಲ್ಲೊಂದು ಸೈಕಲ್ ಇದ್ದೇ ಇರುತ್ತದೆ. ಫೋನನ್ನು ಕೈಯಲ್ಲಿ ಹಿಡಿದರೆ ಕ್ಯಾಮೆರಾ ಕಂಡುಹಿಡಿದು ದಂಡ ಹಾಕುತ್ತದೆ. ಇಷ್ಟನ್ನೂ ಅವರು ಮಗುವಿಗೆ ಅಕ್ಷರ ತಿದ್ದಿಸುವಂತೆ ತಿದ್ದಿಸಿದರು. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನೂ ಹೇಳಿಕೊಡಬೇಕೆಂದು ಅವರಿಗೆ ಹೊಳೆದಿರಲು ಸಾಧ್ಯವಿಲ್ಲ, ನನಗೂ ಕೇಳಬೇಕೆಂದು ಹೊಳೆಯಲಿಲ್ಲ.

ಊಟದ ವಿಷಯ ಬೇರೆಯೇ ಪರೀಕ್ಷೆ. ನೂರಾರು ಜನರಿಗೆ ಬಿಸಿ ಅಡುಗೆ ಮಾಡುವ ಮನೆಯ ಕೆಲಸಗಾರರು ಮಧ್ಯಾಹ್ನ ತಾವು ತಿನ್ನುವುದು ತಣ್ಣಗಿನ ಬ್ರೆಡ್ಡು, ಚೀಸಿನ ಒಂದು ಹೋಳು. ನಮ್ಮ ಚಾಲಕರು ಬ್ರೆಡ್ಡಿಗೆ ಬೆಣ್ಣೆ ಸವರಿ, ಮಕ್ಕಳ ಹುಟ್ಟುಹಬ್ಬದ ಕೇಕಿನ ಮೇಲೆ ಉದುರಿಸುವ ಚಾಕೊಲೇಟ್ ಕಾಳನ್ನು ಉದುರಿಸಿಕೊಂಡು, ಬಹಳ ಗಂಭೀರವಾಗಿ ತಿನ್ನುತ್ತಿದ್ದರು. ಕುಡಿಯಲು ಮಾತ್ರ ನಮ್ಮದೇ ಮಜ್ಜಿಗೆ, ಅಂಗಡಿಯ ಡಬ್ಬಿಯಲ್ಲಿ. ಸಹೋದ್ಯೋಗಿ ಅದಕ್ಕೆ ಉಪ್ಪು, ಶುಂಠಿ, ಹಸಿಮೆಣಸು ಜಜ್ಜಿ ಹಾಕಿ ಅವರ ಮುಂದಿಟ್ಟರು. ಒಂದು ಗುಟುಕಿಗೆ ಅವರ ಕಿವಿ ಕೆಂಪಾಯಿತು. ಪೂರ್ತಿ ಕುಡಿದರು, ಆದರೆ ಎರಡನೇ ಲೋಟ ಕೇಳಲಿಲ್ಲ.

ಅಲ್ಲಿ ಯಾರೂ ಯಾರಿಗೂ ತಮ್ಮ ಡಬ್ಬಿ ಚಾಚುವುದಿಲ್ಲ. ಕಾಫಿಗೆ ಕರೆದರೆ ಬಿಸ್ಕತ್ತಿನ ಡಬ್ಬ ಒಂದು ಸುತ್ತು ಬರುತ್ತದೆ, ಒಬ್ಬರಿಗೆ ಒಂದು, ಆಮೇಲೆ ಮುಚ್ಚಳ ಟಪ್ ಎಂದು ಮುಚ್ಚುತ್ತದೆ. "ಇವ್ರ ಮನ್ಯಾಗ ಬೀಗರು ಬಂದ್ರ ಏನ್ ಮಾಡ್ತಾರೋ ಏನೋರಿ ಸರ," ಎಂದು ಸಹೋದ್ಯೋಗಿ ಜೋಳದ ಖಡಕ್ ರೊಟ್ಟಿ ಮುರಿಯುತ್ತ ನಗುತ್ತಿದ್ದರು. ಎಂಥ ಜಿಪುಣರಪ್ಪ ಎಂದು ನಾನೂ ನಕ್ಕೆ. ಹಾಗೆ ನಕ್ಕಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಮೊದಲ ಆರು ಓಟ ರದ್ದಾದವು. ಹಿಂಬಾಗಿಲ ಪಕ್ಕದ ಏಳನೇ ನಂಬರ್ ಲಾಗರ್ ಪ್ರತಿ ಸಲವೂ ಎಂಟು ಡಿಗ್ರಿ ತೋರಿಸುತ್ತಿತ್ತು. ಬ್ಯಾಟರಿ ಬದಲಿಸಿದೆವು, ಯಂತ್ರವನ್ನೇ ಬದಲಿಸಿದೆವು, ಬಾಗಿಲ ರಬ್ಬರ್ ಪಟ್ಟಿ ಬಿಚ್ಚಿ ನೋಡಿದೆವು. ಕೊನೆಗೆ ಸಹೋದ್ಯೋಗಿಗೆ ಹೊಳೆಯಿತು. ನಾನು ಅದನ್ನು ತಟ್ಟೆಗೆ ಅಂಟಿಸುವ ಬದಲು ಬಾಗಿಲ ಲೋಹದ ಚೌಕಟ್ಟಿಗೆ ತಾಗಿಸಿ ಅಂಟಿಸಿದ್ದೆ. ಒಂದು ಬೆರಳಿನಷ್ಟು ಸರಿಸಿದ್ದೇ ತಡ, ಅದು ಐದಕ್ಕಿಳಿಯಿತು. ಬೆಂಗಳೂರಿನಿಂದ ಮ್ಯಾನೇಜರ್ ಫೋನ್ ಮಾಡಿ, "ಒಂದು ವಾರ ಹಾಳಾಯ್ತಲ್ರೀ, ಇನ್ನು ಒಂದು ಓಟಾನೂ ಬಿಡಬೇಡಿ," ಎಂದರು. ಅಲ್ಲಿಂದಾಚೆ ರಸ್ತೆಯಲ್ಲಿ ಒಂದು ನಿಮಿಷ ತಡವಾದರೂ ಗಡಿಯಾರ ನೋಡಿ ನೋಡಿ ಓಡಿಸುತ್ತಿದ್ದೆ.

ಒಬ್ಬ ಅಜ್ಜಿ ಮೊದಲು ಕಂಡದ್ದು, ರದ್ದಾದವನ್ನೂ ಸೇರಿಸಿ ಎಣಿಸಿದರೆ, ಎಂಟನೇ ಓಟದಲ್ಲಿ, ನಾನೊಬ್ಬನೇ ಓಡಿಸತೊಡಗಿದ ಮೇಲೆ. ಊರು ಬಿಟ್ಟ ಮೇಲೆ ಕಾಲುವೆಯ ಪಕ್ಕ ಗೆರೆ ಎಳೆದಂಥ ರಸ್ತೆ, ಎರಡೂ ಬದಿಗೆ ನೀರು ತುಂಬಿದ ಹಳ್ಳ. ಅರ್ಧ ದಾರಿಯಲ್ಲಿ ಎಡಗಡೆಯಿಂದ ಸೈಕಲ್ ದಾರಿಯೊಂದು ಬಂದು ನಮ್ಮ ರಸ್ತೆಯನ್ನು ದಾಟುತ್ತದೆ. ಬಿಳಿ ಹಲ್ಲುಗಳು ಸೈಕಲಿನವರ ಕಡೆಗೆ ತಿರುಗಿವೆ. ಅಂದರೆ ನಿಲ್ಲಬೇಕಾದವರು ಅವರು. ನಾನು ದಿನವೂ ಹತ್ತು ಐವತ್ತಕ್ಕೆ ಅಲ್ಲಿಗೆ ಬರುತ್ತಿದ್ದೆ, ಆಕೆಯೂ ಅದೇ ಹೊತ್ತಿಗೆ ಬರುತ್ತಿದ್ದಳು. ಕಿತ್ತಳೆ ಬಣ್ಣದ ಕೋಟು, ಬಿಳಿ ಕೂದಲು, ಬ್ಯಾಟರಿ ಸೈಕಲ್, ಹಿಂದೆ ಎರಡು ಚೀಲ. ವಯಸ್ಸು ಎಂಬತ್ತರ ಹತ್ತಿರ ಇರಬೇಕು.

ಮೊದಲ ದಿನ ಆಕೆ ಹಲ್ಲುಗಳ ಹತ್ತಿರ ಕಾಲೂರಿ ನಿಂತಿದ್ದಳು. ಎಲ್ಲಿ ನುಗ್ಗುತ್ತಾಳೋ ಎಂದು ನಾನು ನಮ್ಮೂರಲ್ಲಿ ಮಾಡುವುದನ್ನೇ ಮಾಡಿದೆ. ದೂರದಿಂದಲೇ ಹೆಡ್‌ಲೈಟನ್ನು ಎರಡು ಸಲ ಹೊಡೆದೆ. ನಮ್ಮಲ್ಲಿ ಗಾಡಿ ಓಡಿಸುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ್ತಾ ಇದೀನಿ, ಅಡ್ಡ ಬರಬೇಡ. ಲೈಟ್ ಹೊಡೆದದ್ದೇ ಆಕೆ ಪೆಡಲ್ ತುಳಿದು ರಸ್ತೆಗಿಳಿದಳು. ಕೈಯೆತ್ತಿ ನನ್ನ ಕಡೆ ಅಂಗೈ ತೋರಿಸಿದಳು. ನಮ್ಮ ಊರಿನ ರಸ್ತೆಗಳಲ್ಲಿ ಜನ ಬಸ್ಸಿನ ಮುಂದೆ ಕೈ ಚಾಚಿ 'ನಿಲ್ಲು' ಎಂದು ದಾಟುತ್ತಾರಲ್ಲ, ಹಾಗೇ ಕಂಡಿತು. ನಾನು ಬ್ರೇಕ್ ಒತ್ತಿದೆ. ಹಿಂದೆ ನೀರಿನ ಪೊಟ್ಟಣಗಳು ಧಡ್ ಎಂದವು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ನನಗೆ ರೇಗಿತು. ಎಷ್ಟು ಕೊಬ್ಬು ಈ ಮುದುಕಿಗೆ ಎಂದು ಒಬ್ಬನೇ ಬೈದುಕೊಂಡೆ. ಹದಿನೈದನೇ ಓಟದ ಹೊತ್ತಿಗೆ ಇನ್ನೂ ದೂರದಿಂದ ಲೈಟ್ ಹೊಡೆಯಲು ಶುರುಮಾಡಿದೆ, ಎರಡರ ಬದಲು ಮೂರು ಸಲ. ಆಕೆ ಇನ್ನೂ ಬೇಗ ಹೊರಟಳು. ಕಾಲೂರಿ ನಿಲ್ಲುವುದನ್ನು ಕ್ರಮೇಣ ಬಿಟ್ಟೇಬಿಟ್ಟಳು. ಬಿಳಿ ವ್ಯಾನು ಕಂಡು ಬೆಳಕು ಮಿನುಗಿದ ತಕ್ಷಣ, ಬಂದ ವೇಗದಲ್ಲೇ ಕೈಯೆತ್ತಿ ದಾಟುತ್ತಿದ್ದಳು. ಇಪ್ಪತ್ತನೇ ಓಟದ ದಿನ ಆಕೆ ನಗುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು. ನನ್ನನ್ನು ನೋಡಿ ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ಇವಳಿಗೆ ಬುದ್ಧಿ ಬರುತ್ತದೆ ಎಂದೂ ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ.

ಇಪ್ಪತ್ತೇಳನೇ ಓಟದ ದಿನ ಅಡುಗೆಮನೆಯ ಗುಣಮಟ್ಟದ ಮೇಲ್ವಿಚಾರಕಿ ನನ್ನನ್ನು ವರದಿಗೆಂದು ಕಚೇರಿಯಲ್ಲಿ ಉಳಿಸಿಕೊಂಡರು. ವ್ಯಾನನ್ನು ಸಹೋದ್ಯೋಗಿ ಒಯ್ಯುವುದೆಂದಾಯಿತು. ಹುಬ್ಬಳ್ಳಿ-ಧಾರವಾಡದ ನಡುವೆ ಹತ್ತು ವರ್ಷ ಕಾರು ಓಡಿಸಿದ ಕೈ, ನನಗಿಂತ ಧೈರ್ಯ ಜಾಸ್ತಿ. ಹೊರಡುವ ಮುನ್ನ ಎಲ್ಲ ಹೇಳಿದೆ. ಫೋನನ್ನು ಸೈಲೆಂಟ್ ಮಾಡಿ ಹಿಂದಿನ ಚೀಲದಲ್ಲಿಡಿ ಎಂದೆ. ಕೊನೆಗೆ ಅಜ್ಜಿಯ ವಿಷಯಕ್ಕೆ ಬಂದೆ.

"ಮೇಡಂ, ಕಾಲುವೆ ಹತ್ರ ಒಬ್ಬಳು ಅಜ್ಜಿ ಇದಾಳೆ. ಭಾರಿ ಹಟಮಾರಿ. ದೂರದಿಂದ್ಲೇ ಚೆನ್ನಾಗಿ ಲೈಟ್ ಹೊಡೀರಿ."

"ಬಿಡ್ರಿ ಸರ, ನಮ್ಮಕಡೆ ಲಾರಿಯವ್ರಂಗ ನಾಕು ಸಲ ಹೊಡದ್ರ ತಾನಽ ನಿಲ್ತಾಳ. ನೀವು ಅಂಜಿ ಅಂಜಿ ಬ್ರೇಕ್ ಹಾಕ್ತೀರಿ, ಅದಕ್ಕಽ ಆಕಿಗೆ ಸಲಿಗಿ ಆಗೇದ."

ನನಗೂ ಅದೇ ಸರಿ ಎನ್ನಿಸಿತು.

ಹತ್ತೂವರೆಗೆ ಕಾಫಿ. ಹಳೆಯ ಚಾಲಕರು ಅಂದು ರಜೆಯ ಚೀಟಿ ಕೊಡಲು ಬಂದಿದ್ದವರು ನನ್ನ ಎದುರು ಕೂತರು. ಬಿಸ್ಕತ್ತಿನ ಡಬ್ಬ ಬಂತು, ಹೋಯಿತು. ಮಾತಿಗೆ ಮಾತು ಎಂದು ನಾನು ಅಜ್ಜಿಯ ಕಥೆಯನ್ನು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದೆ. ನಾನು ಲೈಟ್ ಹೊಡೆದಷ್ಟೂ ಆಕೆ ನುಗ್ಗುತ್ತಾಳೆ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು.

"ಲೈಟ್ ಯಾಕೆ ಹೊಡೆದೆ?"

"ನಿಲ್ಲಲಿ ಅಂತ."

ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲಿ ಲೈಟ್ ಹೊಡೆದರೆ, ನಾನು ನಿಲ್ತೀನಿ ನೀವು ದಾಟಿ ಅಂತ. ಆಕೆಗೆ ದಾಟಲು ನೀನೇ ಹೇಳ್ತಿದ್ದೀಯ. ಅದಕ್ಕೇ ಕೈಯೆತ್ತಿ ಥ್ಯಾಂಕ್ಸ್ ಹೇಳ್ತಿದ್ದಾಳೆ."

ಹತ್ತಿರ ಹತ್ತಿರ ಇಪ್ಪತ್ತು ದಿನ ಆಕೆಗೆ ನಾನು ಪಾಠ ಹೇಳಿಕೊಟ್ಟಿದ್ದೆ. ಈ ಬಿಳಿ ವ್ಯಾನು ಲೈಟ್ ಹೊಡೆದರೆ ಖಂಡಿತ ನಿಲ್ಲುತ್ತದೆ, ನೋಡುವುದೂ ಬೇಡ ಎಂದು. ಇಂದು ಆ ವ್ಯಾನಿನಲ್ಲಿ ನಿಲ್ಲಿಸಬಾರದೆಂದು ತೀರ್ಮಾನಿಸಿದವರು ಕೂತಿದ್ದರು, ಆ ತೀರ್ಮಾನಕ್ಕೆ ತಲೆಯಾಡಿಸಿದವನೂ ನಾನೇ. ಗೋಡೆಯ ಗಡಿಯಾರ ಹತ್ತು ನಲವತ್ತೊಂದು ತೋರಿಸುತ್ತಿತ್ತು.

ಫೋನ್ ಮಾಡಿದೆ. ಅದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಚೀಲದೊಳಗೆ ಸದ್ದಿಲ್ಲದೆ ಬಡಿದುಕೊಳ್ಳುತ್ತಿರುವ ಆ ಫೋನು ನನ್ನ ಕಣ್ಣಿಗೆ ಕಂಡಂತಾಯಿತು. ಚಾಲಕರು ಕಾರಿನ ಕೀಲಿ ತೆಗೆದು ಎದ್ದರು, ಆದರೆ ಅಲ್ಲಿಗೆ ಹದಿನೆಂಟು ನಿಮಿಷದ ದಾರಿ. ನಾನು ಕಂಪ್ಯೂಟರ್ ಮುಂದೆ ಓಡಿದೆ. ಲಾಗರುಗಳು ನಿಮಿಷಕ್ಕೊಮ್ಮೆ ತಾಪಮಾನದ ಜೊತೆಗೆ ವ್ಯಾನು ಇರುವ ಜಾಗವನ್ನೂ ಅದರ ವೇಗವನ್ನೂ ಕಳಿಸುತ್ತವೆ. ನಕ್ಷೆಯಲ್ಲಿ ನೀಲಿ ಚುಕ್ಕೆ ಕಾಲುವೆಯ ರಸ್ತೆಗೆ ತಿರುಗಿತ್ತು. ಹತ್ತು ನಲವತ್ತೇಳು. ಹತ್ತು ನಲವತ್ತೆಂಟು. ಮೇಲ್ವಿಚಾರಕಿ ಹಿಂದೆ ಬಂದು ಏನಾಯಿತೆಂದು ಕೇಳಿದರು, ಚಾಲಕರು ಡಚ್‌ನಲ್ಲಿ ಎರಡು ಮಾತು ಹೇಳಿದರು. ನಾನು ಫೋನ್ ಮಾಡುತ್ತಲೇ ಇದ್ದೆ.

ಹತ್ತು ಐವತ್ತೊಂದಕ್ಕೆ ಚುಕ್ಕೆ ಆ ದಾಟುವ ಜಾಗದ ಮೇಲೆ ಇತ್ತು. ಹತ್ತು ಐವತ್ತೆರಡಕ್ಕೂ ಅಲ್ಲೇ ಇತ್ತು.

ಅಡ್ಡ ಬಂದವಳನ್ನು ದಾಟಿಸಲು ನಿಂತಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಆಗ ತಾಪಮಾನದ ಗೆರೆಗಳು ಅಲುಗಾಡಿದವು. ವ್ಯಾನಿನ ಎಂಜಿನ್ ಓಡುವಾಗ ಮಾತ್ರ ತಂಪು ಯಂತ್ರವೂ ಓಡುತ್ತದೆ. ಏಳನೇ ಲಾಗರ್ ಐದರಿಂದ ಐದೂವರೆಗೆ ಏರಿತು. ಎಂಜಿನ್ ಆರಿಸಿದ್ದಾರೆ. ದಾಟಿಸಲು ನಿಂತವರು ಎಂಜಿನ್ ಆರಿಸುವುದಿಲ್ಲ. ಆರಾಯಿತು, ಆರೂವರೆಯಾಯಿತು. ಆ ಗೆರೆ ಏರುವುದನ್ನು ನೋಡುತ್ತ ಕೂರುವುದಲ್ಲದೆ ನನಗೆ ಬೇರೆ ಕೆಲಸವಿರಲಿಲ್ಲ. ನನ್ನ ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅಂದೇ. ಅದು ಏಳು ದಾಟಿದ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು.

"ಸರ..." ಎಂದರು ಸಹೋದ್ಯೋಗಿ. "ಲೈಟ್ ಹೊಡದೆ ಸರ, ನಾಕು ಸಲ ಹೊಡದೆ. ಆಕಿ ನನ್ನ ಕಡೆ ನೋಡಿಕೋತ, ನಕ್ಕೋತ ಬಂದ್ಳು ಸರ."

ಅವರು ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿದಿದ್ದರು. ವ್ಯಾನಿನ ಮೂಲೆ ಸೈಕಲಿನ ಹಿಂದಿನ ಚಕ್ರಕ್ಕೆ ತಗಲಿ ಅಜ್ಜಿ ಹುಲ್ಲಿನ ಮೇಲೆ ಬಿದ್ದಳು. ಇನ್ನೊಂದು ಮಾರು ಆಚೆ ನೀರು. ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು. ಚಾಲಕರ ಕಾರಿನಲ್ಲಿ ನಾನು ಅಲ್ಲಿಗೆ ಮುಟ್ಟಿದಾಗ ಆಂಬುಲೆನ್ಸ್ ಹೊರಟುಹೋಗಿತ್ತು. ಸಹೋದ್ಯೋಗಿ ಹುಲ್ಲಿನ ಮೇಲೆ ಕೂತಿದ್ದರು, ಮೈಮೇಲೆ ಅವರ ಜಾಕೆಟ್ ಇರಲಿಲ್ಲ. ಅದನ್ನು ಅಜ್ಜಿಗೆ ಹೊದಿಸಿ ಕಳಿಸಿದ್ದರು.

ಪೊಲೀಸರು ಹಲ್ಲುಗಳ ಗುರುತು ನೋಡಿ, ಅಳತೆ ಮಾಡಿ, ಮೊದಲ ದಾರಿ ವ್ಯಾನಿನದೇ ಎಂದು ಬರೆದುಕೊಂಡರು. ನೀವು ಆಕೆಗೆ ದಾರಿ ಬಿಟ್ಟುಕೊಟ್ಟಿರಾ ಎಂದು ಸಹೋದ್ಯೋಗಿಯನ್ನು ಕೇಳಿದ್ದರು. ಇಲ್ಲ ಎಂದು ಅವರು ಹೇಳಿದ್ದರು.

"ಖರೇನ ಹೇಳೀನಲ್ರಿ ಸರ? ನಾ ಎಲ್ಲಿ ಬಿಟ್ಟುಕೊಟ್ಟಿದ್ದೆ?" ಎಂದು ಸಂಜೆ ನನ್ನನ್ನು ಕೇಳಿದರು. ಆಗ ನಾನು ಚಾಲಕರು ಹೇಳಿದ್ದನ್ನು ಹೇಳಿದೆ. ಅವರು ತಟ್ಟೆ ಸರಿಸಿ, "ಹಂಗಾರ ಆಕಿ ನಮ್ಮನ್ನ ನಂಬಿ ಬಂದ್ಳು," ಎಂದರು. ಇಟ್ಟ ಅನ್ನ ತಟ್ಟೆಯಲ್ಲೇ ಉಳಿಯಿತು.

ಬೆಂಗಳೂರಿನ ಮ್ಯಾನೇಜರ್ ಸಮಾಧಾನ ಹೇಳಿದರು. "ವಿಮೆಯವರು ನೋಡ್ಕೋತಾರೆ. ತಪ್ಪು ನಮ್ಮದಲ್ಲ ಅಂತ ಪೊಲೀಸರೇ ಹೇಳಿದ ಮೇಲೆ ಲೈಟ್ ವಿಷಯ ನೀವಾಗಿ ಯಾಕ್ರೀ ಎತ್ತೋದು? ಉಳಿದ ಓಟ ಮುಗಿಸಿ ಬನ್ನಿ." ನಾನು ಹೂಂ ಎಂದೆ. ನಾಲ್ಕು ದಿನ ಆ ಹೂಂ ಜೊತೆಗೇ ಬದುಕಿದೆ. ವ್ಯಾನನ್ನು ಹಳೆಯ ಚಾಲಕರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಹತ್ತು ಐವತ್ತಕ್ಕೆ ಆ ಸೈಕಲ್ ದಾರಿ ಖಾಲಿ ಇರುತ್ತಿತ್ತು.

ಐದನೇ ದಿನ ಹೂವು ಹಿಡಿದು ಆಸ್ಪತ್ರೆಗೆ ಹೋದೆವು. ಅಜ್ಜಿ ನಿದ್ದೆಯಲ್ಲಿದ್ದಳು. ಮಗಳು ಕಾರಿಡಾರಿಗೆ ಬಂದಳು. ಐವತ್ತು ದಾಟಿದ, ನಿದ್ದೆಗೆಟ್ಟ ಹೆಂಗಸು. ಕೂಗಾಡುತ್ತಾಳೆಂದು ಹೆದರಿದ್ದೆ, ಆಕೆ ನಮ್ಮಲ್ಲೇ ಕ್ಷಮೆ ಕೇಳಿದಳು.

"ಅಮ್ಮನಿಗೆ ತಲೆ ಸರಿಯಿಲ್ಲ ಅನಿಸುತ್ತೆ. ಒಂದು ಬಿಳಿ ವ್ಯಾನು ದಿನಾ ತನಗೆ ದಾರಿ ಬಿಡ್ತಿತ್ತು, ಅವತ್ತೂ ಬಿಟ್ಟಿತು ಅಂತ ಹಟ ಮಾಡ್ತಾಳೆ. ಪೊಲೀಸರು ಹಾಗೇನೂ ಇಲ್ಲ ಅಂದ್ರು. ಡಾಕ್ಟರ್ ಮುಂದಿನ ವಾರ ನೆನಪಿನ ಪರೀಕ್ಷೆ ಮಾಡ್ತಾರೆ. ಸೈಕಲ್ ಮಾರಿಬಿಡ್ತೀವಿ. ಒಬ್ಬಳೇ ಇರೋಕೂ ಇನ್ನು ಬಿಡಲ್ಲ."

ಆಕೆ ದಿನವೂ ಎಲ್ಲಿಗೆ ಹೋಗುತ್ತಿದ್ದಳು ಎಂದು ಸಹೋದ್ಯೋಗಿ ಕೇಳಿದರು. ಆರೈಕೆ ಮನೆಯಲ್ಲಿರುವ ಗಂಡನ ಹತ್ತಿರ, ಮಧ್ಯಾಹ್ನದ ಊಟ ಮಾಡಿಸಲು, ಎಂದಳು ಮಗಳು.

ಮೆಟ್ಟಿಲಿಳಿಯುತ್ತ ನಡುವೆ ನಿಂತುಬಿಟ್ಟೆ. ಮೂಳೆ ಮುರಿದದ್ದು ಸಾಲದೆಂದು, ಸರಿಯಾಗಿರುವ ಒಬ್ಬ ಹೆಂಗಸಿನ ತಲೆಯೇ ಕೆಟ್ಟಿದೆ ಎಂದು ಸಾಬೀತು ಮಾಡಲು ಹೊರಟಿದ್ದೆವು. ಅದಕ್ಕೆ ನಾವು ಸುಮ್ಮನಿದ್ದರೆ ಸಾಕಾಗಿತ್ತು.

"ಪೊಲೀಸರ ಹತ್ರ ಹೋಗ್ತೀನಿ ಮೇಡಂ," ಎಂದೆ. "ನಿಮಗೆ ತೊಂದರೆ ಆಗಬಹುದು. ಗಾಡಿ ಓಡಿಸಿದ್ದು ನೀವು."

"ಹೇಳಿ ಕಳಿಸಿದವ್ರು ನೀವು, ಹೊಡದಾಕಿ ನಾನು. ಇಬ್ರೂ ಹೋಗೂಣು ನಡೀರಿ," ಎಂದರು ಅವರು.

ಠಾಣೆಯಲ್ಲಿ ಒಬ್ಬ ಯುವ ಅಧಿಕಾರಿಣಿ ನಮ್ಮನ್ನು ಕೂರಿಸಿದಳು. ನಾನು ಎಂಟನೇ ಓಟದಿಂದ ಹಿಡಿದು ಒಂದೊಂದೇ ದಿನ ಹೇಳಿದೆ. ಲಾಗರುಗಳ ದಾಖಲೆಯನ್ನು ಮುದ್ರಿಸಿ ತಂದಿದ್ದೆ. ಹತ್ತು ಐವತ್ತರ ಸುಮಾರಿಗೆ ಪ್ರತಿದಿನವೂ ಅದೇ ಜಾಗದಲ್ಲಿ ವ್ಯಾನಿನ ವೇಗ ಇಳಿದದ್ದು ಅದರಲ್ಲಿತ್ತು. ಆಕೆ ಪ್ರತಿಯೊಂದನ್ನೂ ಬೆರಳಿಟ್ಟು ಎಣಿಸಿದಳು.

"ಹಾಗಾದರೆ ಆ ಅಜ್ಜಿ ಹೇಳುತ್ತಿರುವುದೆಲ್ಲ ನಿಜ."

"ಎಲ್ಲಾ ನಿಜ. ಅವರ ನೆನಪಿನಲ್ಲಿ ಒಂದೂ ತಪ್ಪಿಲ್ಲ. ದಯವಿಟ್ಟು ಇದನ್ನು ಅವರ ಮಗಳಿಗೆ, ಡಾಕ್ಟರಿಗೆ ತಿಳಿಸಿ."

ತಿಳಿಸುತ್ತೇನೆ ಎಂದು ಆಕೆ ಕಂಪ್ಯೂಟರಿಗೆ ತಿರುಗಿದಳು. "ಲೈಟ್ ಹೊಡೆದದ್ದಕ್ಕೆ ನಿಮ್ಮ ಮನಸ್ಸಿನಲ್ಲಿ ಇದ್ದ ಅರ್ಥ ಏನು ಎಂದು ಬರೆಯಬೇಕು."

"ನಾನು ಬರ್ತಾ ಇದೀನಿ ಅಂತ."

"ಬಂದು ನಿಲ್ಲಿಸುತ್ತೀರಿ ಎಂದೋ, ನಿಲ್ಲಿಸುವುದಿಲ್ಲ ಎಂದೋ?"

ನಾನು ಸಹೋದ್ಯೋಗಿಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹದಿನೆಂಟನೇ ವಯಸ್ಸಿನಿಂದ ಗಾಡಿ ಓಡಿಸುತ್ತಿದ್ದೇನೆ, ಸಾವಿರ ಸಲ ಲೈಟ್ ಹೊಡೆದಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನಿಲ್ಲಿಸುವುದಿಲ್ಲ ಅಂತ," ಎಂದೆ.

ಆಕೆ ಅದನ್ನು ಹಾಗೇ ಬರೆದಳು. ಹಾಳೆ ಹೊರಬಂದ ಮೇಲೆ, ಡಚ್ ನನಗೆ ಬಾರದೆಂದು, ಕೊನೆಯ ಸಾಲನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಳು. ರಸ್ತೆಯಲ್ಲಿ ಒಬ್ಬ ವೃದ್ಧೆ ಇರುವುದು ಚಾಲಕನಿಗೆ ಕಾಣಿಸಿತ್ತು, ತಾನು ನಿಲ್ಲಿಸುವುದಿಲ್ಲ ಎಂದು ಆತ ಆಕೆಗೆ ಪ್ರತಿದಿನವೂ ಹೇಳಿದನು. ಸರಿಯಿದೆಯೇ ಎಂದು ಕೇಳಿದಳು. ಸರಿಯಿದೆ ಎಂದು ಸಹಿ ಹಾಕಿದೆ.